ನಿಮ್ಮೊಳಗೂ ಒಬ್ಬ ರಸಿಕನಿರಲಿ

ಹೊಸಬರು ಯಾರಾದರೂ ಸಿಕ್ಕಿದರೆ ನಾವು ಮೊದಲು ಕೇಳುವುದು ಹೆಸರನ್ನು. ಎರಡನೆಯ ಪ್ರಶ್ನೆ, 'ಎಲ್ಲಿ ಕೆಲಸ ಮಾಡ್ತಾ ಇದ್ದೀರಿ?' ಎಂಬುದು. ಅಲ್ಲಿಗೆ ಪರಿಚಯ ಮುಗಿದಂತೆಯೇ. ಅವರು ಬ್ಯಾಂಕಿನವರು, ಇವರು ಮೇಷ್ಟ್ರು, ಇನ್ನೊಬ್ಬರು ಕೆ.ಇ.ಬಿ.ಯವರು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡುಬಿಡುತ್ತೇವೆ.

ಈಗ ನೀವೊಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಉದ್ಯೋಗ, ಹುದ್ದೆ, ಕಚೇರಿ ಇವುಗಳ ಮಾತೆತ್ತದೆ ನೀವು ಯಾರೆಂಬುದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿ ನೋಡೋಣ. 'ನನಗೆ ಹಳೆಯ ಹಾಡು ಎಂದರೆ ಪ್ರಾಣ', 'ಹಿತ್ತಲಲ್ಲಿ ಹನ್ನೆರಡು ಬಗೆಯ ದಾಸವಾಳ ಬೆಳೆಸಿದ್ದೇನೆ', 'ಊರ ನಾಟಕದಲ್ಲಿ ಶಕುನಿಯ ಪಾತ್ರ ನನ್ನದೇ' ಎಂಬಂಥ ಮಾತುಗಳು ಸರಸರನೆ ಬಂದರೆ ಸಂತೋಷ. ಒಂದೆರಡು ವಾಕ್ಯ ಆಗುವಷ್ಟರಲ್ಲಿ ತಡವರಿಸಿದಿರಾದರೆ ಈ ಲೇಖನ ನಿಮಗಾಗಿಯೇ.

ಕೆಲಸವೇ ನಾನು ಎಂದುಕೊಂಡಾಗ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಂಥವರು ನಿಮ್ಮ ಬೀದಿಯಲ್ಲೂ ಇದ್ದಾರು, ನಿಮ್ಮ ಮನೆಯಲ್ಲೇ ಇದ್ದಾರು. ಮೂವತ್ತೈದು ವರ್ಷ ಒಂದೇ ಇಲಾಖೆಯಲ್ಲಿ ದುಡಿದ ನೌಕರರು. ಒಂದು ದಿನ ತಡವಾಗಿ ಹೋದವರಲ್ಲ, ಮನೆಗೂ ಫೈಲು ತಂದವರು. ಅರವತ್ತು ತುಂಬಿತು. ಹಾರ, ಶಾಲು, ಫಲತಾಂಬೂಲ, ಭಾಷಣ ಎಲ್ಲವೂ ಆಯಿತು. ಮೊದಲ ತಿಂಗಳು ಮದುವೆ-ಮುಂಜಿ, ತೀರ್ಥಯಾತ್ರೆ ಎಂದು ಕಳೆಯಿತು. ಎರಡನೆಯ ತಿಂಗಳಿನಿಂದ ಬೆಳಿಗ್ಗೆ ಹತ್ತು ಗಂಟೆ ಆಗುವುದೇ ತಡ, ಚಡಪಡಿಕೆ ಶುರು. ಅಡಿಗೆಮನೆಗೆ ಬಂದು ಸಾರಿಗೆ ಎಷ್ಟು ಉಪ್ಪು ಹಾಕಿದೆ ಎಂದು ವಿಚಾರಣೆ. ಸೊಸೆಯ ಮೇಲೆ, ಹಾಲಿನವನ ಮೇಲೆ ಸಿಡಿಮಿಡಿ. 'ರೀ, ಸ್ವಲ್ಪ ಹೊರಗಾದರೂ ಹೋಗಿ ಬನ್ನಿ' ಎಂದು ಹೆಂಡತಿ ಹೇಳಿದರೆ, 'ಎಲ್ಲಿಗೆ ಹೋಗ್ಲಿ? ನನ್ನ ಯಾರು ಕೇಳ್ತಾರೆ ಈಗ?' ಎಂಬ ಉತ್ತರ. ಆರು ತಿಂಗಳಲ್ಲಿ ನಿದ್ದೆ ಕೆಡುತ್ತದೆ, ಹಸಿವು ಕಡಿಮೆಯಾಗುತ್ತದೆ, ಹತೋಟಿಯಲ್ಲಿದ್ದ ರಕ್ತದೊತ್ತಡ ಏರುತ್ತದೆ. ವೈದ್ಯರು ಮಾತ್ರೆ ಬದಲಿಸುತ್ತಾರೆ. ಆದರೆ ಮೂಲ ಎಲ್ಲಿದೆ?

ಅವರಿಗೆ ನಿವೃತ್ತಿಯಿಂದ ಸಂಬಳದ ಅರ್ಧ ಹೋಯಿತು, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದೆ ಹೋದದ್ದು 'ನಾನು' ಎಂಬುದು. ಆ 'ನಾನು' ಪೂರ್ತಿಯಾಗಿ ಕಚೇರಿಯ ಕುರ್ಚಿಯಲ್ಲೇ ಇತ್ತು. ಕುರ್ಚಿ ಬಿಟ್ಟು ಬಂದಾಗ ಅದೂ ಅಲ್ಲೇ ಉಳಿಯಿತು.

ನಿವೃತ್ತಿ ಒಂದೇ ಕಾರಣವಲ್ಲ. ಕಾರ್ಖಾನೆ ಮುಚ್ಚಬಹುದು. ಕಾಯಿಲೆ ಬಂದು ಹಾಸಿಗೆ ಹಿಡಿಯಬಹುದು. ಮಕ್ಕಳನ್ನು ಬೆಳೆಸುವುದೇ ಬದುಕಾಗಿದ್ದ ತಾಯಿಗೆ, ಮಕ್ಕಳು ದೂರದ ಊರಿಗೆ ಹೋದ ದಿನ ಮನೆ ಭಣಗುಟ್ಟಬಹುದು. ಹಾಸನ ಜಿಲ್ಲೆಯ ಗೊರೂರಿನ ಸುತ್ತಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಕೆಳಗಿನ ನಾಡಿಗೆ ನೀರು ಸಿಕ್ಕಿತು. ಮೇಲಿನ ಎಷ್ಟೋ ಹಳ್ಳಿಗಳ ಗದ್ದೆ, ಹೊಲ, ಮನೆ ನೀರಿನಡಿ ಸೇರಿದವು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಿದವರಿಗೆ, ತಲೆಮಾರುಗಳಿಂದ ಬಂದ ಬದುಕೂ ಒಂದೇ ಮಳೆಗಾಲದಲ್ಲಿ ಬದಲಾಗಬಲ್ಲದು ಎಂಬುದು ಅರ್ಥವಾಗುತ್ತದೆ.

ಗೊರೂರಿನ ರಸಿಕರು

ಅದೇ ಗೊರೂರು ನಮಗೆ ಇನ್ನೊಂದು ಪಾಠವನ್ನೂ ಕೊಟ್ಟಿದೆ. ಆ ಊರನ್ನು ಕನ್ನಡಿಗರ ಮನೆಮಾತು ಮಾಡಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್. 1904ರಲ್ಲಿ ಹುಟ್ಟಿದ ಅವರು ಓದುತ್ತಿದ್ದಾಗಲೇ ಗಾಂಧೀಜಿಯ ಕರೆಗೆ ಓಗೊಟ್ಟು ಶಾಲೆ ಬಿಟ್ಟವರು. ಅವರು ಬದುಕನ್ನು ಮುಡಿಪಾಗಿಟ್ಟ ಕೆಲಸ ಖಾದಿ, ಗ್ರಾಮೋದ್ಯೋಗ, ಸ್ವಾತಂತ್ರ್ಯ ಚಳವಳಿ. 1942ರ ಚಳವಳಿಯಲ್ಲಿ ಜೈಲನ್ನೂ ಕಂಡರು. ಚರಕ, ಹತ್ತಿ, ನೂಲಿನ ಲೆಕ್ಕ, ಸಭೆ, ಸುತ್ತಾಟ ಎಂದು ದಿನವೆಲ್ಲ ದುಡಿಯುವ ಮನುಷ್ಯನಿಗೆ ಬೇರೆ ಯಾವುದಕ್ಕೂ ಪುರಸೊತ್ತು ಇರಲಾರದು ಎಂದೇ ನಾವು ಎಣಿಸುತ್ತೇವೆ.

ಆದರೆ ಅವರಿಗೊಂದು ಗೀಳಿತ್ತು. ಜನರನ್ನು ನೋಡುವುದು, ಅವರ ಮಾತು ಕೇಳುವುದು, ಅದನ್ನು ಬರೆಯುವುದು. 'ಹಳ್ಳಿಯ ಚಿತ್ರಗಳು' ಹಾಗೆ ಹುಟ್ಟಿತು. 'ನಮ್ಮ ಊರಿನ ರಸಿಕರು' ಹಾಗೆ ಹುಟ್ಟಿತು. ಆ ಎರಡನೆಯ ಪುಸ್ತಕದ ಹೆಸರನ್ನು ಸ್ವಲ್ಪ ಗಮನಿಸಿ. ರಸಿಕರೆಂದರೆ ಅರಮನೆಯಲ್ಲಿ ವೀಣೆ ಕೇಳುವವರು ಎಂಬುದು ಸಾಮಾನ್ಯ ಕಲ್ಪನೆ. ಗೊರೂರರಿಗೆ ರಸಿಕರಾಗಿ ಕಂಡವರು ತಮ್ಮ ಹಳ್ಳಿಯ ಜನ. ಹೊಲ ಉಳುವವರು, ಜಗಲಿಯಲ್ಲಿ ಕುಳಿತು ಹರಟುವವರು, ತಮ್ಮದೇ ಆದ ಒಂದು ಹುಚ್ಚು, ಒಂದು ರುಚಿ, ಒಂದು ಹಠ ಇರುವವರು. ದುಡಿಮೆಯ ಆಚೆಗೆ ಏನನ್ನಾದರೂ ಸವಿಯಬಲ್ಲ ಮನುಷ್ಯನೇ ರಸಿಕ. ಅದಕ್ಕೆ ಜಾತಿ, ಓದು, ಹಣ ಯಾವುದೂ ಬೇಕಿಲ್ಲ.

ಎಪ್ಪತ್ತು ದಾಟಿದ ಮೇಲೆ ಈ ಖಾದಿ ಪಂಚೆಯ ಮನುಷ್ಯ ಅಮೆರಿಕಕ್ಕೆ ಹೋದರು. ಆ ವಯಸ್ಸಿನಲ್ಲಿ ಪರದೇಶಕ್ಕೆ ಹೋದವರು ಅನೇಕರು ಸೊಸೆಯ ಮನೆಯ ಕಿಟಕಿಯ ಬಳಿ ಕುಳಿತು ವಾಪಸು ಹೊರಡುವ ದಿನವನ್ನು ಎಣಿಸುತ್ತಾರೆ. ಗೊರೂರರು ಪುಸ್ತಕವೊಂದಕ್ಕೆ ಬೇಕಾದದ್ದನ್ನೆಲ್ಲ ಹೊತ್ತು ತಂದರು. 'ಅಮೆರಿಕಾದಲ್ಲಿ ಗೊರೂರು' ಎಂಬ ಆ ಪ್ರವಾಸ ಕಥನಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರಿನಲ್ಲೇ ಎಲ್ಲವೂ ಇದೆ. ಅಮೆರಿಕಕ್ಕೆ ಹೋದದ್ದು ಗೊರೂರು ಎಂಬ ಮನುಷ್ಯರೂ ಹೌದು, ಗೊರೂರು ಎಂಬ ಊರೂ ಹೌದು. ಹೇಮಾವತಿಯ ದಂಡೆಯಲ್ಲಿ ಪಳಗಿದ ಕಣ್ಣು ಅಲ್ಲಿಯೂ ಕೆಲಸ ಮಾಡಿತು.

ಅವರು 1991ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಬರೆದದ್ದರಿಂದಲೇ ಅಷ್ಟು ಕಾಲ ಬಾಳಿದರು ಎಂದು ಯಾವ ವೈದ್ಯರೂ ಹೇಳಲಾರರು. ಆಯುಷ್ಯಕ್ಕೆ ನೂರು ಕಾರಣ. ಆದರೆ ಆ ವಯಸ್ಸಿನಲ್ಲೂ ಹೊಸ ದೇಶವೊಂದು ಅವರಿಗೆ ಬೇಸರದ ಜಾಗವಾಗಲಿಲ್ಲ, ಕುತೂಹಲದ ಜಾಗವಾಯಿತು ಎಂಬುದನ್ನು ಪುಸ್ತಕವೇ ತೋರಿಸುತ್ತದೆ. ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ.

ಮೈಯಲ್ಲಿ ಏನಾಗುತ್ತದೆ?

ಕೆಲಸದ ಒತ್ತಡ ಹೆಚ್ಚಾದಾಗ ದೇಹ ಅದನ್ನು ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸದೂತಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಸ್ವಲ್ಪ ಹೊತ್ತು ಹೀಗಾದರೆ ತೊಂದರೆಯಿಲ್ಲ. ಕೆಲಸ ಮುಗಿದ ಮೇಲೂ ಮನಸ್ಸು ಕಚೇರಿಯಲ್ಲೇ ಸುತ್ತುತ್ತಿದ್ದರೆ ದೇಹಕ್ಕೆ ವಿಶ್ರಾಂತಿಯ ಸೂಚನೆ ಸಿಗುವುದೇ ಇಲ್ಲ. ಮೇಲಧಿಕಾರಿ ಆಡಿದ ಮಾತನ್ನು ಊಟದ ಹೊತ್ತಿನಲ್ಲಿ, ಹಾಸಿಗೆಯಲ್ಲಿ ಮತ್ತೆ ಮತ್ತೆ ಮೆಲುಕು ಹಾಕುವವರಿಗೆ ಆ ಮಾತು ಒಂದೇ ಸಲ ಆಡಿದ್ದಲ್ಲ, ನೂರು ಸಲ ಆಡಿದಂತೆ.

'ಸುಮ್ಮನಿರು, ಅದನ್ನು ಯೋಚಿಸಬೇಡ' ಎಂದು ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ. ಅದಕ್ಕೆ ಬೇರೊಂದು ಕೆಲಸ ಕೊಡಬೇಕು. ಕೈಗೂ ಕಣ್ಣಿಗೂ ಬುದ್ಧಿಗೂ ಒಟ್ಟಿಗೆ ಕೆಲಸ ಕೊಡುವ ಹವ್ಯಾಸದಲ್ಲಿ ತೊಡಗಿದಾಗ ಮೆಲುಕು ತಾನಾಗಿ ನಿಲ್ಲುತ್ತದೆ. ತಬಲದ ಠೇಕಾ ಕಲಿಯುವಾಗ ಲೆಕ್ಕ ತಪ್ಪಬಾರದು, ಕಸೂತಿ ಹಾಕುವಾಗ ಎಳೆ ತಪ್ಪಬಾರದು. ಅಲ್ಲಿ ಮೇಲಧಿಕಾರಿಗೆ ಜಾಗವಿಲ್ಲ. ಹೊತ್ತು ಹೋದದ್ದೇ ತಿಳಿಯದ ಇಂಥ ತಲ್ಲೀನತೆಯನ್ನು ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಂಬ ಮನೋವಿಜ್ಞಾನಿ ದಶಕಗಳ ಕಾಲ ಅಧ್ಯಯನ ಮಾಡಿದರು. ಕೆಲಸ ತೀರಾ ಸುಲಭವಾಗಿದ್ದರೆ ಬೇಸರ, ತೀರಾ ಕಷ್ಟವಾಗಿದ್ದರೆ ಆತಂಕ. ನಮ್ಮ ಶಕ್ತಿಗೆ ತುಸು ಸವಾಲಾಗುವಷ್ಟಿದ್ದರೆ ತಲ್ಲೀನತೆ ಬರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ.

ಕೆಲಸದಿಂದಲೇ ಬರುವ ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, 'ನನ್ನಿಂದ ಏನೂ ಆಗುತ್ತಿಲ್ಲ' ಎಂಬ ಭಾವ, ಈ ಮೂರೂ ಸೇರಿದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಹೆಸರಿಸಿತು. ಅದನ್ನು ಕಾಯಿಲೆ ಎಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಕರೆದಿದೆ. ಎಂದರೆ ಮದ್ದಿನ ಜೊತೆಗೆ, ಅಥವಾ ಮದ್ದಿಗೆ ಮೊದಲು, ದುಡಿಯುವ ರೀತಿ ಮತ್ತು ಬದುಕುವ ರೀತಿಯ ಕಡೆ ಗಮನ ಬೇಕು ಎಂದಾಯಿತು.

ಸಂಶೋಧನೆ ಏನು ಹೇಳುತ್ತದೆ?

'ಇದೆಲ್ಲ ಹೇಳುವುದಕ್ಕೆ ಚೆನ್ನ, ಪುರಾವೆ ಏನು?' ಎಂದು ನೀವು ಕೇಳಬಹುದು. ಕೇಳಲೇಬೇಕು.

2023ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಹದಿನಾರು ದೇಶಗಳ, 65 ವರ್ಷ ದಾಟಿದ 93,263 ಜನರ ವಿವರಗಳನ್ನು ಅದರಲ್ಲಿ ಪರಿಶೀಲಿಸಿದ್ದರು. ಹವ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ, ಸಂತೋಷ ಮತ್ತು ಬದುಕಿನ ಬಗ್ಗೆ ತೃಪ್ತಿ ಹೆಚ್ಚು, ತಮ್ಮ ಆರೋಗ್ಯ ಚೆನ್ನಾಗಿದೆ ಎಂಬ ಭಾವನೆಯೂ ಹೆಚ್ಚು ಎಂದು ಕಂಡುಬಂತು. ಆ ಹದಿನಾರು ದೇಶಗಳಲ್ಲಿ ಭಾರತ ಸೇರಿರಲಿಲ್ಲ. ಆದರೂ ಜಪಾನು, ಚೀನಾ, ಅಮೆರಿಕ, ಯುರೋಪು ಹೀಗೆ ಬೇರೆಬೇರೆ ಸಂಸ್ಕೃತಿಯ ಜನರಲ್ಲಿ ಫಲಿತಾಂಶ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿತ್ತು.

ಇದಕ್ಕೂ ಹಿಂದೆ, 2003ರಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಮರೆವಿನ ಕಾಯಿಲೆಗೆ ಸಂಬಂಧಿಸಿದ್ದು. 75 ವರ್ಷ ಮೀರಿದ 469 ಜನರನ್ನು ಸುಮಾರು ಐದು ವರ್ಷ ಗಮನಿಸಿದರು. ಓದು, ಚದುರಂಗದಂಥ ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದ್ದವರಿಗೆ ಮರೆವಿನ ಕಾಯಿಲೆ ಬರುವ ಸಂಭವ ಕಡಿಮೆಯಾಗಿತ್ತು.

ಇಲ್ಲೊಂದು ಎಚ್ಚರಿಕೆಯ ಮಾತು. ಹವ್ಯಾಸವಿದ್ದದ್ದರಿಂದ ಆರೋಗ್ಯ ಬಂತೋ, ಆರೋಗ್ಯವಿದ್ದದ್ದರಿಂದ ಹವ್ಯಾಸ ಉಳಿಯಿತೋ ಎಂಬುದನ್ನು ಇಂಥ ಅಧ್ಯಯನಗಳು ಪೂರ್ತಿಯಾಗಿ ಬಿಡಿಸಿ ಹೇಳಲಾರವು. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ಖಿನ್ನತೆಯ ಚಿಕಿತ್ಸೆಯಲ್ಲಿ, ಮೊದಲು ಇಷ್ಟವಾಗಿದ್ದ ಚಟುವಟಿಕೆಗಳನ್ನು ದಿನಚರಿಯಲ್ಲಿ ಸ್ವಲ್ಪಸ್ವಲ್ಪವಾಗಿ ಮತ್ತೆ ಸೇರಿಸುವ ವಿಧಾನವನ್ನು ಮನೋವೈದ್ಯರು ಬಳಸುತ್ತಾರೆ, ಅದರಿಂದ ಗುಣ ಕಾಣುತ್ತದೆ. ಆದ್ದರಿಂದ ಹವ್ಯಾಸದ ಮಾತನ್ನು ಪುರಸೊತ್ತಿನ ಮಾತೆಂದು ತಳ್ಳಿಹಾಕುವಂತಿಲ್ಲ.

ಒಂದೇ ಗೂಟಕ್ಕೆ ಕಟ್ಟಿದ ಮನಸ್ಸು

1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಪೆಟ್ರೀಷಿಯಾ ಲಿನ್‌ವಿಲ್ ಒಂದು ವಿಚಾರ ಮುಂದಿಟ್ಟರು. ತನ್ನನ್ನು ತಾನು ಹಲವು ಬಗೆಯಾಗಿ ಕಂಡುಕೊಳ್ಳುವ ಮನುಷ್ಯ, ಒಂದು ಕಡೆ ಪೆಟ್ಟು ಬಿದ್ದಾಗ ಪೂರ್ತಿ ಕುಸಿಯುವುದಿಲ್ಲ ಎಂಬುದು ಅದರ ಸಾರ. ನಂತರದ ಅಧ್ಯಯನಗಳೆಲ್ಲ ಅವರ ಮಾತನ್ನು ಒಪ್ಪಿಲ್ಲ. ಆದರೆ ನಮ್ಮ ಅನುಭವಕ್ಕೆ ಅದು ಹತ್ತಿರದ ಮಾತು. ಒಂದೇ ಕಂಬದ ಚಪ್ಪರ ಗಾಳಿಗೆ ಬೇಗ ಬೀಳುತ್ತದೆ, ನಾಲ್ಕು ಕಂಬವಿದ್ದರೆ ಒಂದು ಅಲುಗಿದರೂ ನಿಲ್ಲುತ್ತದೆ. ಬಡ್ತಿ ತಪ್ಪಿದ ದಿನ ಗುಮಾಸ್ತನಾಗಿ ನೀವು ಸೋತಿರಬಹುದು, ಸಂಜೆ ಭಜನೆಮನೆಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತಾಗ ಸೋತಿಲ್ಲ.

ಹಾಸನ, ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡುವುದನ್ನು ನೀವು ನೋಡಿರಬೇಕು. ರೈತರು, ಬಸ್ಸಿನ ಕಂಡಕ್ಟರು, ಅಂಗಡಿಯವರು, ಶಾಲೆಯ ಮೇಷ್ಟ್ರು ಕೈಯಿಂದಲೇ ಹಣ ಹಾಕಿ ಪಾತ್ರ ತೆಗೆದುಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ. ನೂರಾರು ಸಾಲು ಮಾತು, ಕಂದ, ಪದ್ಯ ಬಾಯಿಪಾಠ. 'ಇವರಿಗೆ ಮಾಡೋಕೆ ಬೇರೆ ಕೆಲ್ಸ ಇಲ್ವಾ?' ಎಂದು ಮೂಗು ಮುರಿಯುವವರಿದ್ದಾರೆ. ವೈದ್ಯರ ಕಣ್ಣಿನಿಂದ ನೋಡಿ. ಅಲ್ಲಿ ನೆನಪಿನ ಶಕ್ತಿಗೆ ಸಾಣೆ ಇದೆ, ಉಸಿರಾಟಕ್ಕೆ ವ್ಯಾಯಾಮವಿದೆ, ನಾಲ್ಕು ಜನರ ಒಡನಾಟವಿದೆ. ಹಗಲೆಲ್ಲ ಯಾರದೋ ಬೈಗುಳ ಕೇಳಿದ ಮನುಷ್ಯ ರಾತ್ರಿ ಕಿರೀಟ ತೊಟ್ಟು ಸಭೆಯ ಮುಂದೆ ಗುಡುಗುವಾಗ ಅವನಿಗೆ ಸಿಗುವ ನಿರಾಳವೂ ಇದೆ.

ನೋಟ ಬದಲಾಗುವ ಬಗೆ

ಹವ್ಯಾಸದಿಂದ ಆಯಾಸ ಕಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಲಾಭ, ಅದು ನಾವು ಲೋಕವನ್ನು ನೋಡುವ ರೀತಿಯನ್ನು ಬದಲಿಸುತ್ತದೆ ಎಂಬುದು. ನಮ್ಮ ನಾಡಿನಲ್ಲೇ ಇದಕ್ಕೆ ಉದಾಹರಣೆಗಳಿವೆ.

ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ವೈದ್ಯರಾಗಿದ್ದವರು. ಕಾಯಿಲೆಯವರ ನಡುವೆ ದಿನ ಕಳೆಯುವ ಅವರು 'ರಾಶಿ' ಎಂಬ ಹೆಸರಿನಲ್ಲಿ ಹಾಸ್ಯ ಬರೆದರು, 1942ರಲ್ಲಿ 'ಕೊರವಂಜಿ' ಎಂಬ ನಗೆಪತ್ರಿಕೆ ಆರಂಭಿಸಿ ಕಾಲು ಶತಮಾನ ನಡೆಸಿದರು. ನೋವು ಕಂಡವರಿಗೇ ನಗುವಿನ ಬೆಲೆ ಹೆಚ್ಚು ತಿಳಿಯುತ್ತದೆ. ಮನಸ್ಸಿನ ವಿಚಾರವಾಗಿ ಅವರು ಬರೆದ 'ಮನಮಂಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಬೆಂಗಳೂರಿನಲ್ಲೇ ವ್ಯಾಯಾಮಶಾಲೆ ನಡೆಸಿ ಸಾವಿರಾರು ಯುವಕರ ಮೈ ಹುರಿಗಟ್ಟಿಸಿದ ಕೆ.ವಿ. ಅಯ್ಯರ್, ಹೊಯ್ಸಳರ ರಾಣಿಯ ಮೇಲೆ 'ಶಾಂತಲಾ' ಎಂಬ ಕಾದಂಬರಿ ಬರೆದರು. ಮನುಷ್ಯನ ಮೈಕಟ್ಟನ್ನು ಬಲ್ಲ ಕಣ್ಣಿಗೆ ಬೇಲೂರಿನ ಶಿಲೆಗಳ ಸೊಬಗೂ ತಿಳಿದಿತ್ತು. ಸರ್ ಸಿ.ವಿ. ರಾಮನ್ ಬೆಂಗಳೂರಿಗೆ ಬರುವುದಕ್ಕೆ ಬಹಳ ಹಿಂದೆ, 1907ರಿಂದ ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದರು. ಕಚೇರಿಗೆ ಮೊದಲು, ಕಚೇರಿಯ ನಂತರ ಕಲ್ಕತ್ತೆಯ ವಿಜ್ಞಾನ ಸಂಸ್ಥೆಯೊಂದರಲ್ಲಿ ಪ್ರಯೋಗ ಮಾಡುತ್ತಿದ್ದರು. ಸಂಗೀತದ ಒಲವು ಅವರನ್ನು ವೀಣೆ, ಮೃದಂಗಗಳ ನಾದದ ಅಧ್ಯಯನಕ್ಕೆ ಎಳೆಯಿತು.

'ಅವರೆಲ್ಲ ದೊಡ್ಡವರು, ನಮ್ಮ ಪಾಡೇನು?' ಎನ್ನಬೇಡಿ. ಹಕ್ಕಿ ನೋಡುವ ಅಭ್ಯಾಸವಿದ್ದವರಿಗೆ ಬಸ್ಸು ತಡವಾದ ಅರ್ಧ ಗಂಟೆಯೂ ವ್ಯರ್ಥವಲ್ಲ, ಎದುರಿನ ಮರದಲ್ಲಿ ಏನಿದೆ ಎಂದು ನೋಡುತ್ತಾರೆ. ಕೈತೋಟ ಮಾಡಿದವರಿಗೆ ತರಕಾರಿ ಮಾರುವವಳ ಜೊತೆ ಒಂದು ರೂಪಾಯಿಗೆ ಜಗ್ಗಾಡಲು ಮನಸ್ಸು ಬಾರದು, ಒಂದು ಬದನೆಕಾಯಿಯ ಹಿಂದಿನ ಕಷ್ಟ ಗೊತ್ತಿರುತ್ತದೆ. ಐವತ್ತನೆಯ ವಯಸ್ಸಿನಲ್ಲಿ ಸಂಗೀತ ಕಲಿಯಲು ಕುಳಿತ ಅಧಿಕಾರಿಗೆ, ಸ್ವರ ತಪ್ಪಿ ಗುರುಗಳಿಂದ ಬೈಸಿಕೊಂಡ ಮೇಲೆ, ತನ್ನ ಕೈಕೆಳಗಿನ ಹೊಸ ಹುಡುಗನ ತಡವರಿಕೆ ಬೇರೆಯಾಗಿಯೇ ಕಾಣುತ್ತದೆ. ಸಿಟ್ಟು ಇಳಿದರೆ ರಕ್ತದೊತ್ತಡಕ್ಕೂ ಒಳ್ಳೆಯದು, ಮನೆಯವರಿಗೂ ಒಳ್ಳೆಯದು.

ದುಡಿಮೆಯನ್ನು ದೇವರೆಂದು ಕಂಡ ನಾಡು ನಮ್ಮದು, ನಿಜ. ಆದರೆ ಕಾಯಕಕ್ಕೆ ಅಷ್ಟು ಬೆಲೆ ಕೊಟ್ಟ ಶರಣರೇ ವಚನಗಳನ್ನೂ ಕಟ್ಟಿದರು ಎಂಬುದನ್ನು ಮರೆಯಬಾರದು. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ನೇಯ್ದ ದಾಸಿಮಯ್ಯ ಇವರಿಗೆ ಹುಟ್ಟು, ಮಗ್ಗದ ಜೊತೆಗೆ ಮಾತೂ ಇತ್ತು.

ಹೆಂಗಸರ ಹವ್ಯಾಸ ಎಲ್ಲಿ ಹೋಯಿತು?

ನಮ್ಮ ಮನೆಗಳಲ್ಲಿ ಹವ್ಯಾಸದ ಮಾತು ಬಂದರೆ ಗಂಡಸರ ಮಾತೇ ಆಗುತ್ತದೆ. ಮದುವೆಗೆ ಮೊದಲು ಹಾಡುತ್ತಿದ್ದ, ಚಿತ್ರ ಬರೆಯುತ್ತಿದ್ದ, ಥ್ರೋಬಾಲ್ ಆಡುತ್ತಿದ್ದ ಹುಡುಗಿಯನ್ನು ಹತ್ತು ವರ್ಷದ ನಂತರ ಕೇಳಿ. 'ಅಯ್ಯೋ, ಅದೆಲ್ಲ ಆವಾಗ. ಈಗ ಎಲ್ಲಿ ಬಿಡುವು?' ಎನ್ನುತ್ತಾಳೆ. ಕಚೇರಿಗೂ ಹೋಗಿ ಮನೆಯನ್ನೂ ನೋಡುವ ಹೆಣ್ಣುಮಗಳಿಗಂತೂ ಕೆಲಸದಿಂದ ಬಂದರೆ ಇನ್ನೊಂದು ಕೆಲಸ. ಮೈಕೈ ನೋವು, ತಲೆನೋವು, ಸುಸ್ತು ಎಂದು ಬರುವ ಎಷ್ಟೋ ಗೃಹಿಣಿಯರಿಗೆ ರಕ್ತಹೀನತೆಯ ಪರೀಕ್ಷೆ ಬೇಕು, ಜೊತೆಗೆ ದಿನಕ್ಕೆ ಅರ್ಧ ಗಂಟೆಯ ಸ್ವಂತ ಹೊತ್ತೂ ಬೇಕು.

ವೈದ್ಯೆಯಾಗಿದ್ದ ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಪುಸ್ತಕ ಎಷ್ಟೋ ಮನೆಗಳಲ್ಲಿ ಬಾಣಂತಿಯರ ಕೈಪಿಡಿಯಾಗಿತ್ತು. ಅವರೇ ಕಾದಂಬರಿಗಳನ್ನೂ ಬರೆದರು, ಮಕ್ಕಳಿಗಾಗಿ 'ದಿನಕ್ಕೊಂದು ಕಥೆ'ಯನ್ನೂ ಬರೆದರು. ಎಲ್ಲರೂ ಬರೆಯಬೇಕಾಗಿಲ್ಲ. ಆದರೆ ಆ ಅರ್ಧ ಗಂಟೆ ಆಕಾಶದಿಂದ ಬೀಳುವುದಿಲ್ಲ. ಸಂಜೆಯ ಪಾತ್ರೆ ಯಾರು ತೊಳೆಯುತ್ತಾರೆ, ಮಕ್ಕಳ ಹೋಂವರ್ಕ್ ಯಾರು ನೋಡುತ್ತಾರೆ ಎಂಬುದನ್ನು ಮನೆಯವರೆಲ್ಲ ಕುಳಿತು ಹಂಚಿಕೊಂಡರೆ ಮಾತ್ರ ಸಿಗುತ್ತದೆ. ಗಂಡಂದಿರು ಈ ಪ್ಯಾರಾವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಮಕ್ಕಳ ಆಟಕ್ಕೆ ಬೀಗ ಬೇಡ

ಎಸ್ಸೆಸ್ಸೆಲ್ಸಿಗೆ ಬಂದ ಕೂಡಲೇ ಸಂಗೀತ ಬಂದ್, ಆಟ ಬಂದ್, ಕಥೆ ಪುಸ್ತಕ ಬೀರುವಿನ ಮೇಲೆ. ಇದು ಅನೇಕ ಮನೆಗಳ ನಿಯಮ. ಹುಡುಗನಿಗೆ ಉಳಿಯುವುದು ಅಂಕವೊಂದೇ. ಅದು ಕಡಿಮೆ ಬಂದರೆ? ತನ್ನಲ್ಲಿ ಇನ್ನೇನೂ ಇಲ್ಲ ಎಂದು ಆ ಎಳೆಯ ಮನಸ್ಸು ತೀರ್ಮಾನಿಸಿಬಿಡುವ ಅಪಾಯವಿದೆ. ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವ ದುರಂತದ ಸುದ್ದಿಗಳನ್ನು ನೀವೂ ಓದಿದ್ದೀರಿ. ದಿನಕ್ಕೆ ಮುಕ್ಕಾಲು ಗಂಟೆ ಆಡಿದರೆ, ಹಾಡಿದರೆ ಓದು ಹಾಳಾಗುವುದಿಲ್ಲ, ದಣಿದ ಮಿದುಳು ಚೇತರಿಸಿಕೊಳ್ಳುತ್ತದೆ. ಆದರೆ ಹವ್ಯಾಸವನ್ನೂ ಇನ್ನೊಂದು ಪರೀಕ್ಷೆ ಮಾಡಬೇಡಿ. ಚಿತ್ರ ಬರೆದ ಕೂಡಲೇ 'ಸ್ಪರ್ಧೆಗೆ ಕಳಿಸೋಣ, ಫಸ್ಟ್ ಪ್ರೈಜ್ ಬರಬೇಕು' ಎಂದರೆ ಅಲ್ಲಿಗೆ ಅದರ ಸುಖ ಮುಗಿಯಿತು.

ಯಾವುದು ಹವ್ಯಾಸ, ಯಾವುದು ಚಟ?

ಟಿ.ವಿ. ಧಾರಾವಾಹಿ ನೋಡುವುದು, ಮೊಬೈಲು ಉಜ್ಜುವುದು ಹವ್ಯಾಸವೇ? ಸ್ವಲ್ಪ ಹೊತ್ತಾದರೆ ವಿಶ್ರಾಂತಿ ಎನ್ನಬಹುದು. ಗಂಟೆಗಟ್ಟಲೆ ಆದರೆ ಕಣ್ಣು, ಕತ್ತು, ನಿದ್ದೆ ಮೂರೂ ಕೆಡುತ್ತವೆ. ಬಾಜಿ ಕಟ್ಟುವ ಇಸ್ಪೀಟು, ಮೊಬೈಲಿನಲ್ಲಿ ದುಡ್ಡು ಹಾಕಿ ಆಡುವ ಆಟ ಇವು ಹವ್ಯಾಸದ ವೇಷದ ಚಟಗಳು. ಗುರುತಿಸಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಅದನ್ನು ಮಾಡಿ ಎದ್ದ ಮೇಲೆ ಮನಸ್ಸು ಹಗುರವಾಗಿದೆಯೇ, ಭಾರವಾಗಿದೆಯೇ? ಮನೆಯವರಿಂದ ಮುಚ್ಚಿಡಬೇಕಾಗಿದೆಯೇ? ಬೇಕೆಂದಾಗ ಬಿಡಲು ಆಗುತ್ತದೆಯೇ? ಉತ್ತರ ನಿಮಗೇ ಗೊತ್ತಾಗುತ್ತದೆ.

ಆರಂಭಿಸುವುದು ಹೇಗೆ?

• ಹತ್ತು-ಹನ್ನೆರಡು ವರ್ಷದವರಾಗಿದ್ದಾಗ ನಿಮಗೆ ಏನು ಇಷ್ಟವಿತ್ತು ಎಂದು ನೆನಪು ಮಾಡಿಕೊಳ್ಳಿ. ಅಲ್ಲೇ ಒಂದು ಎಳೆ ಸಿಗಬಹುದು.

• ನಿಮ್ಮ ಉದ್ಯೋಗಕ್ಕೆ ವಿರುದ್ಧವಾದದ್ದನ್ನು ಆರಿಸಿ. ಕುಳಿತು ಮಾಡುವ ಕೆಲಸದವರಿಗೆ ತೋಟ, ನಡಿಗೆ, ಈಜು, ಕೋಲಾಟ. ದಿನವೆಲ್ಲ ನಿಂತು ಮೈಮುರಿದು ದುಡಿಯುವವರಿಗೆ ಓದು, ಹಾಡು, ಚದುರಂಗ, ಚೌಕಾಬಾರ. ಜನರ ನಡುವೆ ಮಾತಾಡಿ ದಣಿದವರಿಗೆ ಒಂಟಿಯಾಗಿ ಮಾಡುವಂಥದ್ದು. ಒಂಟಿಯಾಗಿರುವವರಿಗೆ ಭಜನೆ, ನಾಟಕ, ಗಮಕದಂಥ ಗುಂಪಿನ ಹವ್ಯಾಸ.

• ಖರ್ಚಿನಿಂದ ಆರಂಭಿಸಬೇಡಿ. ಮೊದಲ ದಿನವೇ ದುಬಾರಿ ಕ್ಯಾಮರಾ, ವೀಣೆ ಕೊಂಡವರು ಎಷ್ಟೋ ಜನ ಅವನ್ನು ಅಟ್ಟಕ್ಕೇರಿಸಿದ್ದಾರೆ. ಗ್ರಂಥಾಲಯದ ಸದಸ್ಯತ್ವಕ್ಕೆ, ಹಕ್ಕಿ ನೋಡುವುದಕ್ಕೆ ಹೆಚ್ಚು ಹಣ ಬೇಕಿಲ್ಲ.

• ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಹೊತ್ತು ನಿಗದಿಯಾಗಿರಲಿ. 'ಬಿಡುವಾದಾಗ' ಎಂದುಕೊಂಡರೆ ಬಿಡುವು ಬರುವುದಿಲ್ಲ.

• ನಿವೃತ್ತಿಗೆ ಕಾಯಬೇಡಿ. ಐದು ವರ್ಷ ಮೊದಲೇ ಬೀಜ ಹಾಕಿದರೆ ನಿವೃತ್ತಿಯ ಹೊತ್ತಿಗೆ ಗಿಡ ನಿಂತಿರುತ್ತದೆ.

• ಚೆನ್ನಾಗಿ ಮಾಡಲೇಬೇಕೆಂಬ ಹಠ ಬೇಡ. ಅಪಸ್ವರದಲ್ಲಿ ಹಾಡಿದರೂ ಶ್ವಾಸಕೋಶಕ್ಕೆ ವ್ಯಾಯಾಮವೇ.

• ಸಕ್ಕರೆ ಕಾಯಿಲೆಯವರು ತೋಟದ ಕೆಲಸವನ್ನು ಬರಿಗಾಲಲ್ಲಿ ಮಾಡಬಾರದು, ಪಾದಕ್ಕೆ ಗಾಯವಾದರೆ ಬೇಗ ಮಾಯುವುದಿಲ್ಲ. ಮಣ್ಣಿನ ಕೆಲಸ ಮಾಡುವವರೆಲ್ಲ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಹೃದ್ರೋಗಿಗಳು, ಮಂಡಿನೋವಿನವರು ಹೊಸ ಆಟ, ನೃತ್ಯ ಶುರುಮಾಡುವ ಮೊದಲು ಸಲಹೆ ಪಡೆಯಿರಿ.

ಹವ್ಯಾಸ ಸಾಲದಾದಾಗ

ಕೊನೆಯದಾಗಿ ಬಹಳ ಮುಖ್ಯವಾದ ಮಾತು. ಮೊದಲು ಇಷ್ಟವಿದ್ದ ಹಾಡು, ತೋಟ, ಗೆಳೆಯರು ಯಾವುದೂ ಬೇಡವೆನ್ನಿಸುವುದು ಸೋಮಾರಿತನವಾಗಿರಲಾರದು, ಖಿನ್ನತೆಯ ಮೊದಲ ಲಕ್ಷಣಗಳಲ್ಲೊಂದಾಗಿರಬಹುದು. ಎರಡು ವಾರ ಮೀರಿ ಮನಸ್ಸು ಮಂಕಾಗಿದ್ದರೆ, ಆಸಕ್ತಿ ಹೋಗಿದ್ದರೆ, ನಿದ್ದೆ-ಹಸಿವು ಕೆಟ್ಟಿದ್ದರೆ, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಾಯಲ್ಲಿ ಬರುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಅಂಥವರಿಗೆ 'ಯಾವುದಾದರೂ ಹವ್ಯಾಸ ಇಟ್ಕೊಳ್ಳಪ್ಪ, ಸರಿಹೋಗ್ತೀಯ' ಎಂದು ಉಪದೇಶ ಮಾಡುವುದು, ಕಾಲು ಮುರಿದವನಿಗೆ ಓಡು ಎಂದಂತೆ. ಜೊತೆಯಲ್ಲಿ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ಈ ವಾರದ ಮದ್ದು ಇಷ್ಟೆ. ಇಂದು ಸಂಜೆ ಮನೆಯವರೆಲ್ಲ ಕುಳಿತಾಗ ಒಬ್ಬರನ್ನೊಬ್ಬರು ಕೇಳಿ, 'ನಿಮಗೆ ನಿಜವಾಗಿ ಏನಿಷ್ಟ?' ಎಂದು. ಅಜ್ಜಿಯನ್ನೂ ಕೇಳಿ. ಎಷ್ಟೋ ವರ್ಷಗಳಿಂದ ಒಂದೇ ಮನೆಯಲ್ಲಿದ್ದು ನಿಮಗೆ ಗೊತ್ತೇ ಇರದ ಉತ್ತರಗಳು ಬಂದಾವು. ನಾಳೆ ಬೆಳಿಗ್ಗೆ ಅವುಗಳಲ್ಲಿ ಒಂದಕ್ಕಾದರೂ ಇಪ್ಪತ್ತು ನಿಮ���ಷ ಬಿಡುವು ಮಾಡಿಕೊಡಿ.